ತಂಗಿಯ ಫ್ರಿಜ್ಜಿನಲ್ಲಿದ್ದ ಮೇಣದ ಗಿಳಿ

ಅಲ್ ಕುಸೈಸ್

ದುಬೈಯಲ್ಲಿ ಮೊದಲು ಏನು ನೋಡಿದಿರಿ ಎಂದು ಊರಿನಲ್ಲಿ ಎಲ್ಲರೂ ಕೇಳುತ್ತಾರೆ. ಯಾವುದಾದರೂ ಎತ್ತರದ ಕಟ್ಟಡದ ಹೆಸರು ಹೇಳಿಬಿಟ್ಟರೆ ಅವರಿಗೆ ಸಮಾಧಾನ. ಆದರೆ ನಾನು ಅಲ್ಲಿ ಬಾಯಿ ಬಿಟ್ಟುಕೊಂಡು ನೋಡಿದ ಮೊದಲ ವಸ್ತು, ಅಲ್ ಕುಸೈಸ್ ಬಡಾವಣೆಯಲ್ಲಿರುವ ನನ್ನ ತಂಗಿ ಪುಷ್ಪಳ ಫ್ರಿಜ್ಜು. ನೀರಿಗೆಂದು ಬಾಗಿಲು ತೆಗೆದೆ. ಮೊಟ್ಟೆ ಇಡುವ ಗುಳಿಗಳಲ್ಲಿ ಸಾಲಾಗಿ ನಿಂಬೆಹಣ್ಣು, ಕೊನೆಯ ಮೂಲೆಯಲ್ಲಿ ಹತ್ತಿಯ ಮೇಲೆ ಕೂತ ಒಂದು ಗಿಳಿ.

ಅದು ನಮ್ಮ ಅಪ್ಪ ಮಾಡಿದ್ದು. ಕಾರ್ಕಳದ ಹತ್ತಿರ ನಮ್ಮದು ಎರಕದ ಕೆಲಸದ ಮನೆ. ದೇವಸ್ಥಾನದ ಗಂಟೆ, ತೂಗುದೀಪ, ದೈವದ ಕೋಲಕ್ಕೆ ಬೇಕಾದ ಮೊಗವೆಂಬ ಹಿತ್ತಾಳೆಯ ಮುಖವಾಡ, ಎಲ್ಲವೂ ಅಪ್ಪನ ಕೈಯಲ್ಲಿ ಆಗುತ್ತಿದ್ದವು. ಮೊದಲು ಮೇಣದಲ್ಲಿ ರೂಪ ಮಾಡುವುದು, ಅದರ ಮೇಲೆ ಮಣ್ಣು ಮೆತ್ತಿ ಒಣಗಿಸುವುದು, ಮಣ್ಣನ್ನು ಬಿಸಿ ಮಾಡಿದಾಗ ಮೇಣ ಕರಗಿ ತೂತಿನಿಂದ ಹೊರಗೆ ಬರುವುದು, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯುವುದು. ಒಂದು ತೂಗುದೀಪದ ತುದಿಗೆ ಕೂರಿಸಲು ಅಪ್ಪ ಮೇಣದ ಗಿಳಿ ಮಾಡಿ ಮುಗಿಸಿದ್ದರು. ಮಣ್ಣು ಮೆತ್ತುವ ಮೊದಲೇ ತೀರಿಕೊಂಡರು. ಅವರ ನಂತರ ಕುಲುಮೆ ಹೊತ್ತಲಿಲ್ಲ. ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸಲು ಹೋದೆ, ಪುಷ್ಪ ನರ್ಸಾಗಿ ದುಬೈಗೆ ಬಂದಳು. ಬರುವಾಗ ಟಿಫಿನ್ ಡಬ್ಬಿಯಲ್ಲಿ ಗಿಳಿಯನ್ನು ತಂದಳು.

"ಹೊರಗೆ ಇಟ್ರೆ ಕರಗ್ತದೆ ಅಕ್ಕ. ಇಲ್ಲಿಯ ಸೆಕೆ ಎಂತದ್ದು ಅಂತ ನಿಂಗೆ ಗೊತ್ತಿಲ್ಲ," ಎಂದಳು ಪುಷ್ಪ. "ಇವರು ಒಮ್ಮೆ ಫ್ರಿಜ್ ಬದಲು ಮಾಡಿದ್ರು. ಹೊಸತು ಬಂದು ತಣ್ಣಗಾಗುವವರೆಗೆ ನಾನು ಇದನ್ನು ಐಸ್‌ನಲ್ಲಿ ಇಟ್ಟು ಕಾದು ಕೂತಿದ್ದೆ."

ಇವರು ಎಂದರೆ ಅವಳ ಗಂಡ ಸದಾನಂದರು, ಗೋದಾಮಿನ ಮೇಲ್ವಿಚಾರಕರು. ನೋಡಲು ಗಂಭೀರ, ಒಳಗೆ ಕೀಟಲೆ. "ಈ ಮನೆಯಲ್ಲಿ ಮೊದಲ ತಣ್ಣನೆ ಗಾಳಿ ಮಾವನ ಗಿಳಿಗೆ, ಉಳಿದದ್ದು ನಮಗೆ ಮಾರಾಯ್ರೆ," ಎಂದರು. ಮಗಳು ನವ್ಯಾ ಪುಸ್ತಕದಿಂದ ತಲೆ ಎತ್ತದೆ, "ಇಟ್ಸ್ ಬೇಸಿಕಲಿ ಅವರ್ ಪೆಟ್," ಎಂದಳು.

ನನಗೆ ಮಾತ್ರ ಸರಿ ಕಾಣಲಿಲ್ಲ. ಅಪ್ಪ ಮಾಡಿದ ಗಿಳಿ ನಿಂಬೆಹಣ್ಣು ಮತ್ತು ದೋಸೆಹಿಟ್ಟಿನ ನಡುವೆ ಕೂರುವುದೇ? ಹೀಗೆ ಯೋಚಿಸಿದ್ದೇ ಮುಂದಿನ ಎಡವಟ್ಟಿಗೆಲ್ಲ ಮೂಲವಾಯಿತು.

ಅಬುಧಾಬಿಯ ದಾರಿ

ನಾನು ಹೋದದ್ದು ಏಪ್ರಿಲ್ ರಜೆಯಲ್ಲಿ. ಎರಡು ಸಾವಿರದ ಇಸವಿ ಕಳೆದು ಹೆಚ್ಚು ವರ್ಷವಾಗಿರಲಿಲ್ಲ. ಅಬುಧಾಬಿಯಲ್ಲಿ ಆಫ್ರಿಕಾದ ಹಳೆಯ ಕಲಾವಸ್ತುಗಳ ಪ್ರದರ್ಶನ ನಡೆಯುತ್ತಿದೆ, ಅಂಗಳದಲ್ಲಿ ಎರಕ ಹೊಯ್ದು ತೋರಿಸುವವರೂ ಇದ್ದಾರೆ ಎಂದು ಪುಷ್ಪಳ ಆಸ್ಪತ್ರೆಯಲ್ಲಿ ಯಾರೋ ಹೇಳಿದ್ದರಂತೆ. ಅಂಗಡಿ ಬೀದಿಗಳನ್ನು ನೋಡಿ ಆಗಲೇ ದಣಿದಿದ್ದ ನಾನು, ಹೊರಟರೆ ಅಲ್ಲಿಗೇ ಎಂದು ಹಟ ಹಿಡಿದೆ.

ಶುಕ್ರವಾರ ಅಲ್ಲಿ ವಾರದ ರಜೆ. ಎಲ್ಲರೂ ಲಿಫ್ಟಿನ ಕಡೆ ಹೋದರು, ಮನೆಯಿಂದ ಕೊನೆಗೆ ಹೊರಬಿದ್ದವಳು ನಾನು. ಏನು ಮಾಡಿ ಹೊರಬಿದ್ದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಸದಾನಂದರ ಕಾರು ವೇಗ ಹೆಚ್ಚಾದರೆ ತಾನಾಗಿಯೇ ಟಿಂಗ್ ಟಿಂಗ್ ಎನ್ನುತ್ತದೆ. ಮೊದಲ ಸಲ ಕೇಳಿದಾಗ ಯಾರದೋ ಫೋನು ಎಂದುಕೊಂಡು, "ಎತ್ತಿ ಮಾರಾಯ್ರೆ," ಎಂದೆ. ಸದಾನಂದರು ನಕ್ಕು ಕಾಲು ಸಡಿಲಿಸಿದರು, ಗಂಟೆ ನಿಂತಿತು. ಹೆಂಡತಿಗಿಂತ ಇದು ವಾಸಿ, ಮಾತು ಕೇಳಿದ ಕೂಡಲೇ ಸುಮ್ಮನಾಗುತ್ತದೆ ಎಂದದ್ದಕ್ಕೆ ಪುಷ್ಪ ಹಿಂದಿನಿಂದ ತಲೆಗೆ ಒಂದು ಕೊಟ್ಟಳು.

ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದರು, ಆದರೆ ಕಾರಿನಿಂದ ಯಾರೂ ಇಳಿಯಲಿಲ್ಲ. ಸದಾನಂದರು ಕೂತಲ್ಲಿಂದಲೇ ಹಾರ್ನ್ ಹೊಡೆದರು. ಕೆಫೆಟೇರಿಯಾದ ಮಲಯಾಳಿ ಓಡಿ ಬಂದು ಎಷ್ಟು ಎಂದು ಕೇಳಿ, ಏಲಕ್ಕಿ ಹಾಕಿ ಕುದಿಸಿದ ಗಟ್ಟಿ ಚಹಾ ತಂದು ಕಿಟಕಿಯೊಳಗೆ ಕೊಟ್ಟ. ನಮ್ಮ ಬಸ್‌ಸ್ಟ್ಯಾಂಡಿನ ಹೋಟೆಲಿನ ಎದುರು ಹೀಗೆ ಹಾರ್ನ್ ಹೊಡೆದು ಚಹಾ ಕೇಳಿದ್ದರೆ, ಚಹಾ ಬರುತ್ತಿರಲಿಲ್ಲ, ಹೋಟೆಲಿನ ಭಟ್ಟರೇ ಬರುತ್ತಿದ್ದರು. ಇಲ್ಲಿ ಇದು ಮರ್ಯಾದೆಯ ಕ್ರಮವಂತೆ. ಒಂದೊಂದು ಊರಿಗೆ ಒಂದೊಂದು ಮರ್ಯಾದೆ ಎಂದುಕೊಂಡು ಕುಡಿದೆ. ಚಹಾ ಮಾತ್ರ ಬಹಳ ಚೆನ್ನಾಗಿತ್ತು.

ಅಬುಧಾಬಿ: ನೊಣ ಓಡಿಸಿದ್ದು

ಪ್ರದರ್ಶನದ ಸಭಾಂಗಣದಲ್ಲಿ ಮಂದ ಬೆಳಕು, ಚಳಿಗೆ ಹಲ್ಲು ಕಟಕಟ ಎನ್ನುವಷ್ಟು ಎಸಿ. ಹೆಚ್ಚಿನವು ಮೂಲದಿಂದ ಅಚ್ಚು ತೆಗೆದ ಪ್ರತಿಗಳು, ಕೆಲವಷ್ಟೇ ಅಸಲು ಎಂದು ಬಾಗಿಲಲ್ಲೇ ಬರೆದಿದ್ದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ಮೊದಲಿಗೆ ಒಂದು ಮಣ್ಣಿನ ತಲೆ. ನೈಜೀರಿಯಾದ ನೋಕ್ ಎಂಬ ಊರಿನ ಕಡೆ ನೆಲದಲ್ಲಿ ಸಿಕ್ಕಿದ್ದು, ಎರಡು ಸಾವಿರ ವರ್ಷಕ್ಕೂ ಹಳೆಯದು. ಕಣ್ಣು ತ್ರಿಕೋನಾಕಾರ, ಗುಡ್ಡೆಯ ಜಾಗದಲ್ಲಿ ತೂತು. ನನ್ನ ಶಾಲೆಯಲ್ಲಿ ಯಾರಾದರೂ ಕಣ್ಣನ್ನು ಹೀಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕೊಡುತ್ತಿದ್ದೆ. ಆದರೆ ಸ್ವಲ್ಪ ಹೊತ್ತು ಎದುರು ನಿಂತಾಗ, ನಾನು ನೋಡುವುದಕ್ಕಿಂತ ಹೆಚ್ಚಾಗಿ ಅದೇ ನನ್ನನ್ನು ನೋಡುತ್ತಿದೆ ಎನಿಸಿತು. ಒಳಗೆ ಟೊಳ್ಳು. ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಏರಿಸಿ ಕಟ್ಟಿದ್ದಾರೆ. ಕಣ್ಣಿನ, ಮೂಗಿನ, ಬಾಯಿಯ ತೂತುಗಳಿಂದ ಸುಡುವಾಗ ಬಿಸಿಗಾಳಿ ಹೊರಗೆ ಹೋಗಿ ತಲೆ ಒಡೆಯದೆ ಉಳಿಯುತ್ತಿತ್ತಂತೆ. ಅಂದವೂ ಆಯಿತು, ಉಪಾಯವೂ ಆಯಿತು.

ಮುಂದೆ ಇಫೆ ಎಂಬ ನಗರದ ಲೋಹದ ತಲೆ. ಮುಖದ ತುಂಬ ಮೇಲಿಂದ ಕೆಳಗೆ ಸಣ್ಣ ಗೆರೆಗಳು, ತುಟಿಯ ಸುತ್ತ ಸೂಜಿ ಹೋಗುವಷ್ಟು ತೂತುಗಳು. ಆ ತೂತುಗಳಲ್ಲಿ ಗಡ್ಡ ಮೀಸೆಯ ಕೂದಲು ಸಿಕ್ಕಿಸುತ್ತಿದ್ದರೋ, ಮಣಿಗಳ ಪರದೆ ಇಳಿಬಿಡುತ್ತಿದ್ದರೋ ಯಾರಿಗೂ ಖಚಿತವಿಲ್ಲ. ಪುಷ್ಪ ಅದರ ಮುಂದೆ ನಿಂತವಳು ತುಳುವಿನಲ್ಲಿ, "ಅಪ್ಪನ ಮೊಗತ್ತ ಲೆಕ್ಕನೇ ಉಂಡತ್ತಾ ಅಕ್ಕ," ಎಂದು ಪಿಸುಗುಟ್ಟಿದಳು, ಅಪ್ಪ ಮಾಡುತ್ತಿದ್ದ ದೈವದ ಮೊಗದ ಹಾಗೆಯೇ ಇದೆಯಲ್ಲ ಎಂದು. ನಿಜವಾಗಿ ಹಾಗೇನೂ ಇರಲಿಲ್ಲ. ನಮ್ಮ ಮೊಗಗಳು ಕಣ್ಣರಳಿಸಿ ಗದರಿಸುತ್ತವೆ, ಇದು ಶಾಂತವಾಗಿತ್ತು. ಅವಳಿಗೆ ಹಾಗೆ ಕಂಡಿತು ಅಷ್ಟೆ, ನಾನು ತಿದ್ದಲು ಹೋಗಲಿಲ್ಲ.

ನನ್ನ ಮಾನ ಹೋದದ್ದು ಮೂರನೆಯ ಗಾಜಿನ ಪೆಟ್ಟಿಗೆಯ ಬಳಿ. ಅದರಲ್ಲಿ ಇಗ್ಬೊ ಉಕ್ವು ಎಂಬಲ್ಲಿನ ಕಂಚಿನ ಪಾತ್ರೆ, ದೊಡ್ಡ ಶಂಖದ ಆಕಾರದ್ದು, ಸಾವಿರ ವರ್ಷದ ಹಿಂದಿನದೆಂದು ಬರೆದಿತ್ತು. ಮೈಮೇಲೆ ಶಾವಿಗೆಗಿಂತ ಸಣ್ಣ ಎಳೆಗಳ ಬಲೆ. ಬಲೆಯ ಮೇಲೆ ನೊಣ ಕೂತಿತ್ತು. ಇಷ್ಟು ಒಳ್ಳೆಯ ವಸ್ತುವಿನ ಮೇಲೆ ನೊಣವೇ ಎಂದು ನಾನು ಗಾಜಿನ ಹೊರಗಿನಿಂದಲೇ ಕೈಬೀಸಿ ಹುಶ್ ಎಂದೆ. ನೊಣ ಅಲ್ಲಾಡಲಿಲ್ಲ. ಅದೂ ಕಂಚಿನದೇ, ಪಾತ್ರೆಯ ಜೊತೆಗೇ ಎರಕವಾದದ್ದು. ಕಾವಲಿನ ಪಠಾಣ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. "ಸಾವು ಮಾರಾಯ್ತಿ, ಅಕ್ಕ ಸಾವಿರ ವರ್ಷದ ನೊಣ ಓಡಿಸ್ತಾಳೆ," ಎಂದಳು ಪುಷ್ಪ. ಅಷ್ಟು ತೆಳ್ಳಗಿನ ಎಳೆ ಮೇಣದಲ್ಲಿ ಬರುವುದು ಕಷ್ಟ, ಕಳ್ಳಿಯ ಜಾತಿಯ ಗಿಡದ ಹಾಲನ್ನು ಗಟ್ಟಿಮಾಡಿ ಎಳೆ ತೆಗೆದಿರಬಹುದು ಎಂದು ಕೆಳಗೆ ಬರೆದಿದ್ದರು. ನಮ್ಮ ಬೇಲಿಯ ಕಳ್ಳಿಯನ್ನು ನೆನೆದು, ಅಪ್ಪ ಇದ್ದಿದ್ದರೆ ಊರಿಗೆ ಹೋದ ದಿನವೇ ಪ್ರಯೋಗ ಮಾಡುತ್ತಿದ್ದರು ಎಂದುಕೊಂಡೆ.

ಕೊನೆಗೆ ಘಾನಾ ದೇಶದ ಅಸಾಂಟೆ ಜನ ಚಿನ್ನ ತೂಗಲು ಬಳಸುತ್ತಿದ್ದ ಹಿತ್ತಾಳೆಯ ತೂಕದ ಗುಂಡುಗಳು. ಗುಂಡು ಎಂದರೆ ಗುಂಡಲ್ಲ. ಒಂದು ನೆಲಗಡಲೆ, ಒಂದು ದುಂಬಿ, ಒಂದು ಏಡಿಯ ಕೊಂಡಿ. ಇವುಗಳಿಗೆ ಮೇಣದ ರೂಪವೇ ಬೇಡ. ನಿಜವಾದ ನೆಲಗಡಲೆಗೇ ಮಣ್ಣು ಮೆತ್ತಿ ಸುಡುತ್ತಿದ್ದರು. ಒಳಗಿನದು ಬೂದಿಯಾಗಿ ಹೋದ ಜಾಗಕ್ಕೆ ಹಿತ್ತಾಳೆ ಬಂದು ಕೂರುತ್ತಿತ್ತು.

ಪುಷ್ಪ ಆ ನೆಲಗಡಲೆಯ ಎದುರಿನಿಂದ ಕದಲಲೇ ಇಲ್ಲ. "ಅಂದ್ರೆ ಉಳಿಸ್ಬೇಕಾದ್ರೆ ಸುಡ್ಬೇಕು," ಎಂದಳು. ಯಾವುದರ ಬಗ್ಗೆ ಹೇಳುತ್ತಿದ್ದಾಳೆಂದು ನಾನು ಕೇಳಬೇಕಾಗಿರಲಿಲ್ಲ.

ಅಂಗಳದಲ್ಲಿ ಕೋಫಿ

ಹಿಂದಿನ ಅಂಗಳದಲ್ಲಿ ತಗಡಿನ ಮಾಡಿನ ಕೆಳಗೆ ಘಾನಾದಿಂದ ಬಂದ ಎರಕ ಹೊಯ್ಯುವವನಿದ್ದ. ಕಪ್ಪು ಕನ್ನಡಕ, ಹೂವಿನ ಅಂಗಿ, ಬಾಯಿಗೆ ವಿಶ್ರಾಂತಿ ಇಲ್ಲ. ನಮ್ಮನ್ನು ಕಂಡು ಎದೆ ಮುಟ್ಟಿಕೊಂಡು, "ಕೋಫಿ," ಎಂದ. ನಾನು, "ನೋ, ಥ್ಯಾಂಕ್ಯೂ. ದಾರಿಯಲ್ಲಿ ಚಹಾ ಆಯಿತು," ಎಂದೆ. ಅದು ಅವನ ಹೆಸರು.

ಅವನ ಜನರಲ್ಲಿ ಹುಟ್ಟಿದ ವಾರದ ಹೆಸರನ್ನೇ ಮಗುವಿಗೆ ಇಡುತ್ತಾರಂತೆ. ಶುಕ್ರವಾರ ಹುಟ್ಟಿದವನು ಕೋಫಿ. ಪುಷ್ಪ ಚಪ್ಪಾಳೆ ತಟ್ಟಿಬಿಟ್ಟಳು. ತುಳುನಾಡಿನಲ್ಲೂ ಹಿಂದೆ ಹಾಗೆಯೇ. ಆದಿತ್ಯವಾರ ಹುಟ್ಟಿದವ ಐತ, ಮಂಗಳವಾರದವ ಅಂಗಾರ, ಶುಕ್ರವಾರದವ ತುಕ್ರ. ಅಪ್ಪನ ಕುಲುಮೆಯ ತಿದಿ ಒತ್ತುತ್ತಿದ್ದವರು ತುಕ್ರಣ್ಣ. "ನಮ್ಮ ಊರಿನಲ್ಲಾದ್ರೆ ನೀನು ತುಕ್ರ," ಎಂದು ಪುಷ್ಪ ಇಂಗ್ಲಿಷಿನಲ್ಲಿ ವಿವರಿಸಿದಳು. ಅವನಿಗೆ ಅದು ಎಷ್ಟು ಹಿಡಿಸಿತೆಂದರೆ, ಆಮೇಲೆ ಬಂದ ಅರಬ್ಬಿ ಕುಟುಂಬಕ್ಕೂ ತನ್ನ ಹೆಸರು ತುಕ್ರ ಎಂದೇ ಹೇಳಿಕೊಂಡ.

ಅವನ ಕ್ರಮ ಅಪ್ಪನದಕ್ಕಿಂತ ಬೇರೆ. ಅಪ್ಪ ಮಣ್ಣಿಗೆ ಉಮಿ, ಸೆಗಣಿ ಸೇರಿಸುತ್ತಿದ್ದರು. ಇವನು ಒಳಪದರಕ್ಕೆ ನುಣ್ಣಗೆ ಅರೆದ ಇದ್ದಿಲು, ಹೊರಪದರಕ್ಕೆ ತಾಳೆಹಣ್ಣಿನ ನಾರು ಸೇರಿಸುತ್ತಾನೆ. ಅಪ್ಪ ಮೂಸೆಯಲ್ಲಿ ಲೋಹ ಕರಗಿಸಿ ಇಕ್ಕಳದಲ್ಲಿ ಹಿಡಿದು ಹೊಯ್ಯುತ್ತಿದ್ದರು. ಇವನು ಹೊಯ್ಯುವುದೇ ಇಲ್ಲ. ಅಚ್ಚಿನ ಬಾಯಿಗೆ ಹಿತ್ತಾಳೆ ಚೂರುಗಳಿರುವ ಮಣ್ಣಿನ ಬಟ್ಟಲನ್ನು ಮುಚ್ಚಿ ಮೆತ್ತಿ ಎರಡನ್ನೂ ಒಂದೇ ಉಂಡೆ ಮಾಡುತ್ತಾನೆ. ಬಟ್ಟಲು ಕೆಳಗಿರುವಂತೆ ಬೆಂಕಿಯಲ್ಲಿಟ್ಟು, ಒಳಗಿನದು ಕರಗಿದ ಮೇಲೆ ಇಡೀ ಉಂಡೆಯನ್ನು ತಲೆಕೆಳಗೆ ಮಗುಚುತ್ತಾನೆ. ಲೋಹ ತಾನೇ ಇಳಿದು ಅಚ್ಚು ತುಂಬುತ್ತದೆ. ನಾವು ಎರಕ ಹೊಯ್ಯುವುದು ಎನ್ನುತ್ತೇವೆ, ಅವನ ಕೆಲಸಕ್ಕೆ ಎರಕ ಮಗುಚುವುದು ಎನ್ನಬೇಕು.

ಮೇಣದ ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಲಾಸ್ಟ್ ವ್ಯಾಕ್ಸ್ ಎನ್ನುತ್ತಾರೆಂದು ಕೋಫಿ ಹೇಳಿದ. ಕಳೆದುಹೋದ ಮೇಣ. ಪುಷ್ಪಳ ಮುಖ ಸಣ್ಣದಾಯಿತು. ತನ್ನಲ್ಲಿ ಅಪ್ಪನ ಮೇಣದ ಗಿಳಿಯೊಂದಿದೆ ಎಂದು ಅವಳೇ ಬಾಯಿಬಿಟ್ಟಿದ್ದಳು. ತಂದುಕೊಡಿ, ಚಿನ್ನದ ಹಾಗೆ ಮಾಡಿಕೊಡುತ್ತೇನೆ, ತನ್ನಷ್ಟು ಚೆನ್ನಾಗಿ ಎರಕ ಮಾಡುವವರು ತನ್ನ ಊರಾದ ಕುಮಾಸಿಯಲ್ಲೇ ಇಲ್ಲ ಎಂದು ಅವನು ಕೊಚ್ಚಿಕೊಂಡ.

"ಬೇಡ," ಎಂದಳು ಪುಷ್ಪ. ನನ್ನ ಕಡೆ ತಿರುಗಿ, "ಮೇಣ ಕಳೆದುಹೋಯ್ತು ಅಂತ ಅಪ್ಪ ಹೇಳ್ತಿರಲಿಲ್ಲ ಅಲ್ವಾ?" ಎಂದು ಕೇಳಿದಳು.

ಅಪ್ಪ ಮೇಣ ಕರಗಿ ಹೊರಬಂದಾಗ, ಮೇಣ ಜಾಗ ಬಿಟ್ಟಿತು ಎನ್ನುತ್ತಿದ್ದರು. ಬಸ್ಸಿನಲ್ಲಿ ಎದ್ದು ನಿಂತು ಹಿರಿಯರಿಗೆ ಜಾಗ ಬಿಡುತ್ತೇವಲ್ಲ, ಅದೇ ದನಿಯಲ್ಲಿ. ನಾನು ಅದನ್ನು ನೆನಪಿಸಿದೆ. ಆದರೂ ಪುಷ್ಪ ತಲೆಯಾಡಿಸಿದಳು. "ಎರಕ ಸರಿ ಬರದಿದ್ರೆ? ಮೇಣವೂ ಇಲ್ಲ, ಗಿಳಿಯೂ ಇಲ್ಲ. ಅಪ್ಪನ ಕೈಯದ್ದು ನಂಗೆ ಅದೊಂದೇ ಇರುದು. ಫ್ರಿಜ್ಜಲ್ಲೇ ಇರ್ಲಿ."

ಮತ್ತೆ ಅಲ್ ಕುಸೈಸ್

ಸಂಜೆ ಮನೆಯ ಬಾಗಿಲು ತೆಗೆದರೆ ಒಲೆಯ ಬಾಯಿ ತೆಗೆದ ಹಾಗೆ ಸೆಕೆ ಮುಖಕ್ಕೆ ಬಡಿಯಿತು. ಕಟ್ಟಡದ ಕೊನೆಯ ಮಾಳಿಗೆ, ಪಶ್ಚಿಮಕ್ಕೆ ಕಿಟಕಿ.

"ಎಸಿ ಯಾರು ಆಫ್ ಮಾಡಿದ್ದು?" ಎಂದರು ಸದಾನಂದರು.

"ನಾನೇ," ಎಂದೆ ಹೆಮ್ಮೆಯಿಂದ. "ನೀವೆಲ್ಲ ಹಾಗೇ ಬಿಟ್ಟು ಹೊರಟಿದ್ರಿ. ಫ್ಯಾನು, ಲೈಟು, ಎಲ್ಲ ಆಫ್ ಮಾಡಿಯೇ ಬಂದದ್ದು."

ನಮ್ಮ ಊರಿನಲ್ಲಿ ಮನೆಯಿಂದ ಕೊನೆಗೆ ಹೊರಡುವವರ ಕೆಲಸವೇ ಅದು. ಸ್ವಿಚ್ಚುಗಳನ್ನು ಒಮ್ಮೆ ಸವರಿ ನೋಡದೆ ಬೀಗ ಹಾಕಿದರೆ ನನಗೆ ದಾರಿಯುದ್ದಕ್ಕೂ ನೆಮ್ಮದಿ ಇರುವುದಿಲ್ಲ. ಅಷ್ಟೇ ಆಗಿದ್ದರೆ ನಕ್ಕು ಮುಗಿಯುತ್ತಿತ್ತು. ಹೊರಡುವ ಮೊದಲು ನಾನು ಇನ್ನೊಂದು ಉಪಕಾರವನ್ನೂ ಮಾಡಿದ್ದೆ. ಗಿಳಿಯನ್ನು ಫ್ರಿಜ್ಜಿನಿಂದ ತೆಗೆದು ದೇವರ ಗೂಡಿನಲ್ಲಿ ಕೂರಿಸಿದ್ದೆ, ಮರಳಿ ಬಂದಾಗ ಪುಷ್ಪ ನೋಡಿ ಖುಷಿಪಡಲಿ ಎಂದು.

ಪುಷ್ಪ ನೋಡಿದಳು. ಗಿಳಿಯ ಕತ್ತು ಬಾಗಿ ಕೊಕ್ಕು ಎದೆಗೆ ತಾಗಿತ್ತು. ಕಿಟಕಿಯ ಕಡೆಯ ರೆಕ್ಕೆಯ ಗರಿಗಳು ಅಳಿಸಿಹೋಗಿದ್ದವು. ಅಪ್ಪ ಆ ಗರಿಗಳನ್ನು ಹೆಬ್ಬೆರಳ ಉಗುರಿನಲ್ಲಿ ಒತ್ತಿ ಒತ್ತಿ ಮೂಡಿಸುತ್ತಿದ್ದುದನ್ನು ನಾವಿಬ್ಬರೂ ಕೂತು ನೋಡಿದ್ದೆವು.

ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಗಿಳಿಯನ್ನು ಎರಡೂ ಕೈಯಲ್ಲಿ ಎತ್ತಿ ಫ್ರಿಜ್ಜಿನಲ್ಲಿಟ್ಟು, ಬಾಗಿಲಿಗೆ ಹಣೆ ಒತ್ತಿ ನಿಂತು ಅತ್ತಳು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಸ್ವಲ್ಪ ಬಿಸಿ ಮಾಡಿ ಕತ್ತನ್ನು ನೇರ ಮಾಡುತ್ತೇನೆ, ನನಗೆ ಕೈ ಉಂಟು ಎಂದೆ.

"ಮುಟ್ಬೇಡ ಅಕ್ಕ," ಎಂದಳು. "ನೀನು ತಿದ್ದಿದ್ರೆ ಅದು ನಿಂದಾಗ್ತದೆ. ಸೊಟ್ಟ ಆದ್ರೂ ಅಡ್ಡಿಲ್ಲ, ಅಪ್ಪಂದೇ ಇರ್ಲಿ."

ಮರುದಿನ ಬೆಳಿಗ್ಗೆ ನಾನು ಏಳುವಾಗ ಅವಳು ಕೆಲಸಕ್ಕೆ ರಜೆ ಹೇಳಿ ಐಸ್ ತುಂಬಿದ ಫ್ಲಾಸ್ಕ್ ಹಿಡಿದು ನಿಂತಿದ್ದಳು. "ಹೋಗುವ. ಕೋಫಿಗೆ ಕೊಡುವ. ಈಗ ಕತ್ತು ಹೋಯ್ತು. ಇನ್ನೊಮ್ಮೆ ಎಂತಾದ್ರೂ ಆದ್ರೆ ಇಡೀ ಗಿಳಿಯೇ ಖಲಾಸ್."

ಗಿಳಿ ಮಗುಚಿದ ಶುಕ್ರವಾರ

ಕೋಫಿ ಗಿಳಿಯನ್ನು ಕೈಗೆ ತೆಗೆದುಕೊಂಡು ಕನ್ನಡಕ ತೆಗೆದ. ಮೊದಲ ಸಲ ಬಾಯಿ ಮುಚ್ಚಿದ್ದನ್ನು ನೋಡಿದೆ. ಮೂಸಿ ನೋಡಿ, ಇದರಲ್ಲಿ ಏನು ಸೇರಿದೆ ಎಂದ. ಜೇನುಮೇಣ, ರಾಳ, ಸ್ವಲ್ಪ ಎಣ್ಣೆ ಎಂದೆ, ಅಳತೆ ಅಪ್ಪನಿಗೇ ಗೊತ್ತಿತ್ತು. ರಾಳ ಹಾಕಿದ ಮೇಣದಲ್ಲಿ ತಾನು ಕೆಲಸ ಮಾಡಿಲ್ಲ, ಒಳಗೆ ಅಂಟಿಕೊಂಡು ಉಳಿದರೆ ಲೋಹ ಸರಿಯಾಗಿ ತುಂಬಲಿಕ್ಕಿಲ್ಲ ಎಂದ. ತನ್ನ ಮೇಣದ್ದಾದರೆ ಹಾಳಾದರೂ ಇನ್ನೊಂದು ಮಾಡಬಹುದು, ಇದಕ್ಕೆ ಇನ್ನೊಂದಿಲ್ಲ, ಯೋಚಿಸಿ ಹೇಳಿ ಎಂದ. ಪುಷ್ಪ ಯೋಚಿಸಿಯೇ ಬಂದಿದ್ದಳು. ಕತ್ತು ನೇರ ಮಾಡಲೇ ಎಂದು ಅವನೂ ಕೇಳಿದ, ಅವನಿಗೂ ಅದೇ ಉತ್ತರ ಸಿಕ್ಕಿತು.

ಊರಿನಲ್ಲಿ ಮಳೆಗಾಲವಿಡೀ ಅಚ್ಚು ಒಣಗುವುದಿಲ್ಲವೆಂದು ಅಪ್ಪ ಆಕಾಶಕ್ಕೆ ಬೈಯುತ್ತಿದ್ದರು. ಕೋಫಿಯ ತಕರಾರು ತದ್ವಿರುದ್ಧ. ಇಲ್ಲಿ ಮಣ್ಣು ಬೇಗ ಒಣಗಿ ಬಿರಿಯುತ್ತದೆ, ಆದ್ದರಿಂದ ಒಂದೊಂದು ಪದರ ಮೆತ್ತಿ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಿದ್ದ. ಆ ವಾರ ಪುಷ್ಪ ಫ್ರಿಜ್ಜಿನ ಬಾಗಿಲು ತೆಗೆದಾಗಲೆಲ್ಲ ಖಾಲಿ ಗುಳಿಯನ್ನು ನೋಡಿ ಮುಚ್ಚುತ್ತಿದ್ದಳು. ನಾನು ಬಂದ ನೆಂಟಳಂತೆ ಮೂಲೆಯಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದೆ, ಯಾವ ಸ್ವಿಚ್ಚನ್ನೂ ಮುಟ್ಟುತ್ತಿರಲಿಲ್ಲ.

ಮುಂದಿನ ಶುಕ್ರವಾರ ಎಲ್ಲರೂ ಹೋದೆವು. ಕೋಫಿ ಮೊದಲು ನೆಲಕ್ಕೆ ಸ್ವಲ್ಪ ನೀರು ಸುರಿದು ಹಿರಿಯರ ಹೆಸರು ಹೇಳಿದ. ಊರಿನಲ್ಲಾದರೆ ಅವನ ಮಾವ ಮದ್ಯವನ್ನೇ ಸುರಿಯುತ್ತಾರಂತೆ, ಇಲ್ಲಿ ಹಿರಿಯರು ನೀರಿನಲ್ಲೇ ಸುಧಾರಿಸಿಕೊಳ್ಳಬೇಕು ಎಂದ. ನಿಮ್ಮ ತಂದೆಯ ಹೆಸರೇನು ಎಂದು ಕೇಳಿ ಅದನ್ನೂ ಸೇರಿಸಿದ, ಉಚ್ಚಾರ ಮಾತ್ರ ಅಪ್ಪನಿಗೇ ಗುರುತು ಸಿಗದ ಹಾಗಿತ್ತು. ಆಮೇಲೆ ಅಚ್ಚನ್ನು ಬಿಸಿ ಮಾಡಿ ತೂತನ್ನು ಕೆಳಗೆ ಮಾಡಿ ಹಿಡಿದ. ಕೆಳಗಿನ ನೀರಿನ ಬೋಗುಣಿಗೆ ಮೇಣ ಸಣ್ಣ ಎಳೆಯಾಗಿ ಇಳಿಯಿತು. ನಮ್ಮ ಹಳೆಯ ಕುಲುಮೆಯ ವಾಸನೆ ಆ ಅಂಗಳದ ತುಂಬ ಎದ್ದಿತು. ಪುಷ್ಪ ನನ್ನ ಕೈ ಹಿಡಿದುಕೊಂಡಳು, ಗಿಳಿ ಹಾಳಾದ ಮೇಲೆ ಅದೇ ಮೊದಲ ಸಲ.

"ಜಾಗ ಬಿಟ್ಟಿತು," ಎಂದೆ.

ಮುರಿದ ನಲ್ಲಿಗಳ ಹಿತ್ತಾಳೆ ಚೂರುಗಳನ್ನು ಬಟ್ಟಲಿಗೆ ತುಂಬಿ, ಅಚ್ಚಿಗೆ ಸೇರಿಸಿ, ಬೆಂಕಿಗಿಟ್ಟ. ಎರಕದ ಹೊತ್ತಿನಲ್ಲಿ ಯಾರೂ ಮಾತಾಡಬಾರದು ಎಂಬುದು ನಮ್ಮ ಮನೆಯ ಕ್ರಮ. ಆಯಿತಾ ಎಂದು ಕೇಳಿದವರಿಗೆ ಅಪ್ಪ ಆ ದಿನ ಊಟದ ಹೊತ್ತಿಗೂ ಮುಖ ಕೊಡುತ್ತಿರಲಿಲ್ಲ. ನಾವು ಉಸಿರು ಹಿಡಿದು ನಿಂತಿದ್ದೆವು. ಕೋಫಿ ಮಾತ್ರ ಹಾಡುತ್ತಾ, ಬೆಂಕಿಗೆ ಬೈಯುತ್ತಾ ಇದ್ದ. ಹಿತ್ತಾಳೆ ಕರಗಿದ ಗುರುತಾಗಿ ಜ್ವಾಲೆಗೆ ಹಸಿರು ಛಾಯೆ ಬಂದ ಕೂಡಲೇ ಇಕ್ಕಳದಲ್ಲಿ ಹಿಡಿದು, ಕೆಂಪಾಗಿ ಕಾದ ಉಂಡೆಯನ್ನು ಹೊರಗೆಳೆದು ತಲೆಕೆಳಗೆ ಮಗುಚಿದ. ಸರಿಯಾಗಿ ಅದೇ ಹೊತ್ತಿಗೆ ಸದಾನಂದರ ಮೊಬೈಲು ಹಾಡತೊಡಗಿತು. ಪುಷ್ಪ ನೋಡಿದ ನೋಟಕ್ಕೆ ಅವರು ಫೋನನ್ನು ಎದೆಗವಚಿಕೊಂಡು ಅಂಗಳದ ಆಚೆ ಓಡಿದರು.

ಉಂಡೆ ತಣ್ಣಗಾದ ಮೇಲೆ ಕೋಫಿ ಸುತ್ತಿಗೆಯನ್ನು ಪುಷ್ಪಳ ಕೈಗೆ ಕೊಟ್ಟ. ಅವಳು ಅದನ್ನು ನನಗೆ ಕೊಟ್ಟಳು. "ನೀನೇ ಒಡೆ ಅಕ್ಕ. ನಂಗೆ ಧೈರ್ಯ ಇಲ್ಲ." ನನಗೂ ಇರಲಿಲ್ಲ. ಸಣ್ಣಗೆ ತಟ್ಟಿದೆ. ಸುಟ್ಟ ಮಣ್ಣು ಚಕ್ಕೆ ಚಕ್ಕೆಯಾಗಿ ಉದುರಿತು.

ಬೆನ್ನಿನ ಮೇಲೆ ಕಾಳುಮೆಣಸಿನಷ್ಟು ಒಂದು ತೂತು ಉಳಿದಿತ್ತು, ಅಲ್ಲಿಗೆ ಲೋಹ ತಲುಪಿರಲಿಲ್ಲ. ಅಪ್ಪನಾಗಿದ್ದರೆ ಇದನ್ನು ಮತ್ತೆ ಮೂಸೆಗೆ ಹಾಕುತ್ತಿದ್ದರು. ಒಂದು ರೆಕ್ಕೆ ನುಣ್ಣಗಿತ್ತು. ಇನ್ನೊಂದು ರೆಕ್ಕೆಯ ಮಸಿಯನ್ನು ಪುಷ್ಪ ಸೆರಗಿನಿಂದ ಒರೆಸಿದಳು. ಅಪ್ಪನ ಉಗುರಿನ ಅರ್ಧಚಂದ್ರಗಳು ಸಾಲುಸಾಲಾಗಿ ಹಾಗೇ ಇದ್ದವು. ಅವಳು ತನ್ನ ಹೆಬ್ಬೆರಳ ಉಗುರನ್ನು ಅದರಲ್ಲೊಂದಕ್ಕೆ ಒತ್ತಿ ಹಿಡಿದಳು. ಕತ್ತು ಮಾತ್ರ ಬಾಗಿದ್ದು ಬಾಗಿದ್ದೇ.

"ಅಪ್ಪನ ಗಿಳಿ ನೇರ ನೋಡ್ತಿತ್ತು," ಎಂದೆ ನಾನು.

"ಈಗ ಕಿವಿ ಕೊಟ್ಟು ಕೇಳ್ತಾ ಉಂಟು," ಎಂದಳು ಪುಷ್ಪ. "ಇರ್ಲಿ. ನೀನು ಬಂದು ಹೋದದ್ದಕ್ಕೆ ಒಂದು ಗುರ್ತ."

ಹೊರಡುವ ದಿನ

ಬೋಗುಣಿಯ ನೀರಿನಲ್ಲಿ ಗಟ್ಟಿಯಾದ ಮೇಣವನ್ನು ಪುಷ್ಪ ಕೇಳಿ ತಂದಿದ್ದಳು. ಊರಿಗೆ ಹೊರಡುವ ದಿನ ಅದನ್ನು ಹಳೆಯ ಟಿಫಿನ್ ಡಬ್ಬಿಯಲ್ಲಿಟ್ಟು ನನ್ನ ಚೀಲಕ್ಕೆ ಹಾಕಿದಳು. ಅಪ್ಪನ ಮನೆಯಲ್ಲಿ ಮೇಣ ಯಾವತ್ತೂ ಕಳೆದುಹೋಗುತ್ತಿರಲಿಲ್ಲ. ಒಂದು ದೀಪದಿಂದ ಇಳಿದದ್ದು ಇನ್ನೊಂದು ಗಂಟೆಗೆ, ಅದರಿಂದ ಇಳಿದದ್ದು ಮತ್ತೊಂದು ಮೊಗಕ್ಕೆ ಹೋಗುತ್ತಿತ್ತು.

"ಶಾಲೆಯಲ್ಲಿ ಬಣ್ಣ ಹಚ್ಚಿದ್ದು ಸಾಕು," ಎಂದಳು. "ಇದ್ರಲ್ಲಿ ಎಂತಾದ್ರೂ ಮಾಡು. ಕೈ ಉಂಟು ಅಂತ ಹೇಳಿದ್ಯಲ್ಲ."

ಸದಾನಂದರು ಪೆಟ್ಟಿಗೆಗಳನ್ನು ಲಿಫ್ಟಿಗೆ ಸಾಗಿಸಿದರು. ನಾನು ಚಪ್ಪಲಿ ಮೆಟ್ಟಿ ಬಾಗಿಲ ಹೊರಗೆ ನಿಂತು, ಕೈಗಳನ್ನು ಬೇಕೆಂದೇ ಹಿಂದೆ ಕಟ್ಟಿಕೊಂಡಿದ್ದೆ. ಪುಷ್ಪ ಒಳಗೆ ಹೋಗಿ ಗಿಳಿಯನ್ನು ದೇವರ ಗೂಡಿನಲ್ಲಿ, ಪಶ್ಚಿಮದ ಬಿಸಿಲು ನೇರ ಬೀಳುವ ಜಾಗದಲ್ಲೇ ಕೂರಿಸಿದಳು. ಕೋಣೆಯ ಸುತ್ತ ಒಮ್ಮೆ ಕಣ್ಣಾಡಿಸಿದಳು.

ಆಮೇಲೆ ತಾನೇ ಹೋಗಿ ಎಸಿ ಆಫ್ ಮಾಡಿ ಬಂದು, ಬಾಗಿಲಿಗೆ ಬೀಗ ಹಾಕಿದಳು.